ಕೆಲಸಕ್ಕೆ ಸೇರಲು ಕಾರ್ಮಿಕ ಎಷ್ಟು ಹಣ ಕೊಟ್ಟ?

ಮಾನ್ಯ ಸಂಪಾದಕರೇ,

ದೊಡ್ಡ ಕಂಪನಿಗಳ ವಾರ್ಷಿಕ ವರದಿಗಳಲ್ಲಿ ಈಗ ಒಂದು ಪುಟ ತಪ್ಪದೆ ಇರುತ್ತದೆ. ತಮ್ಮಲ್ಲಾಗಲಿ, ತಮಗೆ ಸರಕು ಪೂರೈಸುವವರಲ್ಲಾಗಲಿ ಬಲವಂತದ ದುಡಿಮೆಗೆ ಅವಕಾಶವೇ ಇಲ್ಲ ಎಂದು ಅಲ್ಲಿ ಬರೆದಿರುತ್ತದೆ. ಎಷ್ಟು ಪೂರೈಕೆದಾರರು ನೀತಿಸಂಹಿತೆಗೆ ಸಹಿ ಹಾಕಿದರು, ಎಷ್ಟು ಸಿಬ್ಬಂದಿಗೆ ಆನ್‌ಲೈನ್ ತರಬೇತಿ ಆಯಿತು ಎಂಬ ಅಂಕಿಗಳೂ ಜೊತೆಗಿರುತ್ತವೆ. ಪತ್ರಿಕೆಗಳ ವಾಣಿಜ್ಯ ಪುಟಗಳು ಅವನ್ನು ಇದ್ದ ಹಾಗೆ ಸುದ್ದಿ ಮಾಡುತ್ತವೆ. ಆ ಪುಟದಲ್ಲಿ ಇರಲೇಬೇಕಾದ, ಆದರೆ ಅಪರೂಪಕ್ಕೆ ಕಾಣುವ ಒಂದು ಅಂಕಿಯ ಬಗ್ಗೆ ಈ ಪತ್ರ ಬರೆಯುತ್ತಿದ್ದೇವೆ. ಕೆಲಸಕ್ಕೆ ಸೇರಲು ಕಾರ್ಮಿಕರು ತಮ್ಮ ಕೈಯಿಂದ ಕೊಟ್ಟ ಹಣವೆಷ್ಟು, ಅದರಲ್ಲಿ ಅವರಿಗೆ ಮರಳಿ ಸಿಕ್ಕಿದ್ದೆಷ್ಟು?

ಆಧುನಿಕ ಗುಲಾಮಗಿರಿ ಎಂದ ಕೂಡಲೇ ಸಂಕೋಲೆ, ಹೊರಗಿನಿಂದ ಬೀಗ ಹಾಕಿದ ಕೋಣೆ ನೆನಪಾಗುತ್ತವೆ. ಅಂಥವೂ ಇವೆ. ಆದರೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1930ರಲ್ಲಿ ಅಂಗೀಕರಿಸಿದ 29ನೇ ಒಡಂಬಡಿಕೆಯ ವ್ಯಾಖ್ಯೆ ಸಂಕೋಲೆಯ ಮಾತನ್ನೇ ಎತ್ತುವುದಿಲ್ಲ. ಯಾವುದಾದರೂ ಶಿಕ್ಷೆಯ ಬೆದರಿಕೆ ಒಡ್ಡಿ, ತಾನಾಗಿ ಮುಂದೆ ಬರದ ವ್ಯಕ್ತಿಯಿಂದ ಕೆಲಸ ಮಾಡಿಸಿಕೊಂಡರೆ ಅದು ಬಲವಂತದ ದುಡಿಮೆ. ಸಂಬಳ ತಡೆಯುವುದು, ಪಾಸ್‌ಪೋರ್ಟ್ ಕೊಡದಿರುವುದು, ದೇಶದಿಂದ ಹೊರಗೆ ಕಳಿಸುತ್ತೇನೆ ಎನ್ನುವುದು, ಊರಿನಲ್ಲಿರುವ ಮನೆಯವರ ಮೇಲೆ ಸಾಲಗಾರನನ್ನು ಬಿಡುವುದು ಎಲ್ಲವೂ ಈ 'ಶಿಕ್ಷೆ'ಯೊಳಗೆ ಬರುತ್ತವೆ. ಭಾರತದ ಸುಪ್ರೀಂ ಕೋರ್ಟ್ 1982ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಡತನದ ಒತ್ತಡಕ್ಕೆ ಸಿಕ್ಕವನನ್ನು ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿಗೆ ದುಡಿಸುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದು ಹೇಳಿತು. 2022ರಲ್ಲಿ ಪ್ರಕಟವಾದ ಜಾಗತಿಕ ಅಂದಾಜಿನಂತೆ 2021ರಲ್ಲಿ ಬಲವಂತದ ದುಡಿಮೆಯಲ್ಲಿ ಸಿಕ್ಕಿಬಿದ್ದಿದ್ದವರು 2.76 ಕೋಟಿ ಜನ. ಅವರಲ್ಲಿ ಶೇ 86ರಷ್ಟು ಮಂದಿ ಖಾಸಗಿ ವಲಯದಲ್ಲಿದ್ದವರು. ವಲಸೆ ಕಾರ್ಮಿಕರು ಈ ಬಲೆಗೆ ಬೀಳುವ ಸಾಧ್ಯತೆ ಉಳಿದ ವಯಸ್ಕ ಕಾರ್ಮಿಕರಿಗಿಂತ ಮೂರು ಪಟ್ಟಿಗೂ ಹೆಚ್ಚು.

ಹೆಚ್ಚು ಯಾಕೆ ಎಂಬುದು ಸಾಲದ ಲೆಕ್ಕ ಮಾಡಿದರೆ ತಿಳಿಯುತ್ತದೆ. ಕಾರ್ಮಿಕನ ತಿಂಗಳ ಸಂಬಳ 100 ಎಂದಿಟ್ಟುಕೊಳ್ಳಿ. ಹಳ್ಳಿಯ ದಲ್ಲಾಳಿ, ಪಟ್ಟಣದ ಏಜೆಂಟ್, ಕೆಲಸದ ದೇಶದಲ್ಲಿರುವ ಏಜೆಂಟ್ ಹೀಗೆ ಕೈಯಿಂದ ಕೈಗೆ ದಾಟುವಾಗ ಆರು ತಿಂಗಳ ಸಂಬಳದಷ್ಟು, ಅಂದರೆ 600, ಅವನು ಸಾಲ ಮಾಡಿ ಕೊಟ್ಟಿದ್ದಾನೆ. ಬಡ್ಡಿ ತಿಂಗಳಿಗೆ ಶೇ 3. ಮೊದಲ ತಿಂಗಳ ಬಡ್ಡಿಯೇ 18. ಊಟ, ವಸತಿ, ಮನೆಗೆ ಕಳಿಸುವ ಹಣ ಕಳೆದು ತಿಂಗಳಿಗೆ 30 ಕಟ್ಟುತ್ತಾ ಹೋದರೆ ಅಸಲಿಗೆ ಸಲ್ಲುವುದು ಆರಂಭದಲ್ಲಿ 12 ಮಾತ್ರ. ಸಾಲ ತೀರಲು 31 ತಿಂಗಳು ಬೇಕು. ಅವನ ಕೆಲಸದ ಒಪ್ಪಂದ ಎರಡು ವರ್ಷದ್ದಾದರೆ, 24ನೇ ತಿಂಗಳಿಗೂ ಸಾಲ ಉಳಿದಿರುತ್ತದೆ. ಮಾಲೀಕ ಮೊದಲ ಎರಡು ತಿಂಗಳ ಸಂಬಳವನ್ನು 'ಭದ್ರತೆಗೆ' ಎಂದು ತಡೆದಿಟ್ಟರೆ ಲೆಕ್ಕ 36 ತಿಂಗಳು ದಾಟುತ್ತದೆ. ಇಂಥವನಿಗೆ ಕಾವಲುಗಾರ ಬೇಕಿಲ್ಲ. ದಿನಕ್ಕೆ 14 ಗಂಟೆ ಕೆಲಸ ಎಂದರೂ, ಹೇಳಿದ್ದಕ್ಕಿಂತ ಕಡಿಮೆ ಸಂಬಳ ಕೊಟ್ಟರೂ, ಮೇಲ್ವಿಚಾರಕ ಕೈ ಮಾಡಿದರೂ ಅವನು ಬಿಟ್ಟು ಹೋಗಲಾರ.

ಆದ್ದರಿಂದ ತಡೆಯುವ ಕೆಲಸ ಶುರುವಾಗಬೇಕಾದದ್ದು ನೇಮಕಾತಿಯಿಂದ. ಖಾಸಗಿ ಉದ್ಯೋಗ ಏಜೆನ್ಸಿಗಳ ಕುರಿತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ 181ನೇ ಒಡಂಬಡಿಕೆಯ 7ನೇ ವಿಧಿ, ಏಜೆನ್ಸಿ ಕಾರ್ಮಿಕನಿಂದ ನೇರವಾಗಿಯಾಗಲಿ ಸುತ್ತಿ ಬಳಸಿಯಾಗಲಿ ಶುಲ್ಕ ವಸೂಲು ಮಾಡಕೂಡದು ಎನ್ನುತ್ತದೆ. ಶುಲ್ಕವೆಂದರೆ ಏನೆಲ್ಲ ಎಂಬುದನ್ನೂ ಅದೇ ಸಂಘಟನೆ 2019ರಲ್ಲಿ ಬಿಡಿಸಿ ಹೇಳಿದೆ. ಏಜೆಂಟನ ಕಮಿಷನ್ ಅಷ್ಟೇ ಅಲ್ಲ, ವೈದ್ಯಕೀಯ ತಪಾಸಣೆ, ವಿಮೆ, ಕೌಶಲ ಮತ್ತು ಭಾಷಾ ಪರೀಕ್ಷೆ, ತರಬೇತಿ, ಸಮವಸ್ತ್ರ ಮತ್ತು ಸಲಕರಣೆ, ಪ್ರಯಾಣ ಹಾಗೂ ದಾರಿಯ ವಸತಿ, ವೀಸಾ ಮತ್ತು ಕಾಗದಪತ್ರಗಳ ಖರ್ಚು ಎಲ್ಲವೂ ಅದರಲ್ಲಿ ಸೇರಿವೆ. ಕಂಪನಿಯ ನೀತಿಯಲ್ಲಿ 'ಅಕ್ರಮ ಶುಲ್ಕ ನಿಷಿದ್ಧ' ಎಂದಷ್ಟೇ ಬರೆದರೆ ಸಾಲದು. ಎಷ್ಟೋ ದೇಶಗಳ ಕಾನೂನು ಒಂದು ಮಿತಿಯವರೆಗೆ ಶುಲ್ಕ ವಸೂಲಿಗೆ ಅನುಮತಿ ಕೊಡುತ್ತದೆ. ಆ ಮಿತಿಯೊಳಗಿನ ಹಣವೂ ಸಾಲವಾಗಿಯೇ ಬಂದಿರುತ್ತದೆ. ಈ ಪಟ್ಟಿಯನ್ನು ಒಂದೊಂದಾಗಿ ಬರೆದು, ಪ್ರತಿಯೊಂದರ ಮುಂದೆ 'ಉದ್ಯೋಗದಾತನೇ ಕೊಡಬೇಕು' ಎಂದು ನಮೂದಿಸುವುದೇ ಸರಿಯಾದ ಕ್ರಮ.

ಶುಲ್ಕ ತೆಗೆದುಕೊಂಡಿಲ್ಲ ಎಂದು ಏಜೆಂಟ್ ತರುವ ಪತ್ರಕ್ಕೆ ಬೆಲೆ ಕೊಡಬೇಡಿ. ವಿಮಾನ ಹತ್ತುವ ಮುನ್ನ ಕಾರ್ಮಿಕನಿಂದ ಸಹಿ ಮಾಡಿಸುತ್ತಾರೆ, 'ನಾನು ಯಾರಿಗೂ ಹಣ ಕೊಟ್ಟಿಲ್ಲ' ಎಂದು ವಿಡಿಯೊ ಮಾಡಿಸುತ್ತಾರೆ. ಸಾಲ ಮಾಡಿ ಆ ಹಂತಕ್ಕೆ ಬಂದವನು ಇಲ್ಲವೆನ್ನಲಾರ. ಇದಕ್ಕಿಂತ ಗಟ್ಟಿಯಾದ ಪರೀಕ್ಷೆ ಬಹಳ ಸರಳ. ಕಾರ್ಖಾನೆ ಏಜೆಂಟನಿಗೆ ತಲೆಗೆ ಎಷ್ಟು ಕೊಟ್ಟಿತು ಎಂಬ ಬಿಲ್ ಮತ್ತು ಬ್ಯಾಂಕ್ ಪಾವತಿಯ ದಾಖಲೆ ಕೇಳಿ. ವಿಮಾನದ ಟಿಕೆಟ್, ವೀಸಾ, ವೈದ್ಯಕೀಯ ತಪಾಸಣೆ, ಏಜೆಂಟನ ನ್ಯಾಯವಾದ ಸೇವಾ ಶುಲ್ಕ ಇವನ್ನು ಕೂಡಿಸಿ. ಕಾರ್ಖಾನೆ ಕೊಟ್ಟದ್ದು ಅದಕ್ಕಿಂತ ಕಡಿಮೆ ಇದ್ದರೆ ಉಳಿದದ್ದನ್ನು ಕಾರ್ಮಿಕ ತುಂಬಿದ್ದಾನೆ, ಬೇರೆ ದಾರಿಯಿಲ್ಲ. ಬಿಲ್ಲೇ ಇಲ್ಲದಿದ್ದರೆ ಪೂರ್ತಿ ಅವನೇ ಕೊಟ್ಟಿದ್ದಾನೆ. ಕೆಲವು ಕಡೆ ಇದಕ್ಕೂ ಕೆಟ್ಟ ವ್ಯವಹಾರವಿದೆ. ನೂರು ಜನರ ಬೇಡಿಕೆ ಪತ್ರ ಪಡೆಯಲು ಏಜೆಂಟನೇ ಕಾರ್ಖಾನೆಯ ಸಿಬ್ಬಂದಿ ಅಧಿಕಾರಿಗೆ ತಲೆಗಿಷ್ಟು ಎಂದು ಲಂಚ ಕೊಡುತ್ತಾನೆ, ಆಮೇಲೆ ಆ ಹಣವನ್ನೂ ಕಾರ್ಮಿಕರಿಂದಲೇ ಎತ್ತುತ್ತಾನೆ.

ಏಜೆಂಟನ ಜೊತೆಗಿನ ಒಪ್ಪಂದದಲ್ಲಿ ಕೆಳಗಿನ ದಲ್ಲಾಳಿಗಳ ಹೆಸರುಗಳು ಇರಬೇಕು, ಇಲ್ಲವೇ ದಲ್ಲಾಳಿಗಳನ್ನು ಬಳಸುವಂತಿಲ್ಲ ಎಂದಿರಬೇಕು. ಸೇವಾ ಶುಲ್ಕವನ್ನು ಒಂದೇ ಕಂತಿನಲ್ಲಿ ಕೊಡದೆ, ಒಂದು ಭಾಗವನ್ನು ಕಾರ್ಮಿಕರು ಬಂದು 60ರಿಂದ 90 ದಿನ ಕಳೆದ ಮೇಲೆ, ಅವರನ್ನು ಖಾಸಗಿಯಾಗಿ ಮಾತನಾಡಿಸಿ ಖಚಿತಪಡಿಸಿಕೊಂಡು ಬಿಡುಗಡೆ ಮಾಡಬೇಕು. ಹೊರಡುವ ಮುನ್ನ ತನ್ನ ಭಾಷೆಯಲ್ಲಿ ಓದಿ ಸಹಿ ಮಾಡಿದ ಕರಾರು ಪತ್ರವೂ ಬಂದಿಳಿದ ಮೇಲೆ ಸಹಿ ಮಾಡಿಸಿದ ಪತ್ರವೂ ಒಂದೇ ಆಗಿದೆಯೇ ಎಂದು ಪಕ್ಕಪಕ್ಕ ಇಟ್ಟು ನೋಡಬೇಕು. ಇಳಿದ ಮೇಲೆ ಹೊಸ ಕರಾರು, ಕಡಿಮೆ ಸಂಬಳ, ಬೇರೆ ಕೆಲಸ ಎನ್ನುವುದು ಮೋಸದ ಹಳೆಯ ದಾರಿ.

ಪಾಸ್‌ಪೋರ್ಟ್ ವಿಷಯದಲ್ಲಿ ನಮ್ಮ ಅಭಿಪ್ರಾಯ ಖಡಾಖಂಡಿತ. 'ಕಳೆದುಹೋಗಬಾರದೆಂದು ಅವರೇ ಬರೆದುಕೊಟ್ಟು ಇಟ್ಟಿದ್ದಾರೆ' ಎಂಬ ಉತ್ತರವನ್ನು ಒಪ್ಪಲೇಬಾರದು. ವಸತಿಗೃಹದಲ್ಲಿ ಪ್ರತಿಯೊಬ್ಬರಿಗೂ ಒಂದು ಲಾಕರ್, ಕೀಲಿ ಅವರ ಕೈಯಲ್ಲಿ, ಹಗಲು ರಾತ್ರಿ ಯಾವಾಗ ಬೇಕಾದರೂ ತೆರೆಯುವಂತಿರಬೇಕು. ವೀಸಾ ನವೀಕರಣಕ್ಕೆ ತೆಗೆದುಕೊಂಡರೆ ರಸೀದಿ ಕೊಟ್ಟು, ವಾಪಸ್ ಕೊಡುವ ದಿನಾಂಕ ಬರೆಯಬೇಕು. ಬ್ಯಾಂಕ್ ಖಾತೆಯೂ ಅಷ್ಟೇ. ಸಂಬಳ ಕಾರ್ಮಿಕನ ಹೆಸರಿನ ಖಾತೆಗೆ ಬೀಳುತ್ತಿದೆ ಎಂಬ ದಾಖಲೆ ನೋಡಿ ತೃಪ್ತಿಪಡಬಾರದು, ಎಟಿಎಂ ಕಾರ್ಡ್ ಯಾರ ಜೇಬಿನಲ್ಲಿದೆ, ಪಿನ್ ಯಾರಿಗೆ ಗೊತ್ತು ಎಂದು ಕೇಳಬೇಕು. ಮೇಸ್ತ್ರಿಯ ಕೈಯಲ್ಲಿ ಇಪ್ಪತ್ತು ಕಾರ್ಡ್ ಇದ್ದರೆ ಬ್ಯಾಂಕ್ ದಾಖಲೆಗೆ ಅರ್ಥವಿಲ್ಲ.

ಈ ಕೆಡುಕು ಎಲ್ಲೋ ದೂರದ ಕಾರ್ಖಾನೆಯಲ್ಲಿ ಮಾತ್ರ ಇರುತ್ತದೆ ಎಂದುಕೊಳ್ಳುವುದೂ ತಪ್ಪು. ಕಂಪನಿಯ ಸ್ವಂತ ಕಟ್ಟಡದ ಸ್ವಚ್ಛತೆ, ಕಾವಲು, ಕ್ಯಾಂಟೀನ್, ಲೋಡಿಂಗ್, ನಿರ್ಮಾಣ, ಸಾಗಣೆ ಇವೆಲ್ಲ ಗುತ್ತಿಗೆಯಲ್ಲಿರುತ್ತವೆ, ಮತ್ತು ಕಡಿಮೆ ದರ ಹೇಳಿದವನಿಗೇ ಹೋಗಿರುತ್ತವೆ. ಒಂದು ಗೇಟಿಗೆ ಹಗಲು ರಾತ್ರಿ ಕಾವಲು ಬೇಕೆಂದರೆ ವಾರಕ್ಕೆ 168 ಗಂಟೆ. ವಾರಕ್ಕೆ 48 ಗಂಟೆಯ ಮಿತಿ ಇಟ್ಟರೆ ಮೂರೂವರೆ ಜನ ಬೇಕು, ರಜೆ ಸೇರಿಸಿದರೆ ಹತ್ತಿರ ಹತ್ತಿರ ನಾಲ್ಕು. ಗುತ್ತಿಗೆದಾರ ಇಬ್ಬರ ಲೆಕ್ಕದಲ್ಲಿ ಬಿಲ್ ಮಾಡಿದ್ದರೆ ಅವರಿಬ್ಬರೂ ವಾರದ ರಜೆಯಿಲ್ಲದೆ ದಿನಕ್ಕೆ 12 ಗಂಟೆಯಂತೆ 84 ಗಂಟೆ ನಿಂತಿದ್ದಾರೆ. ಇದನ್ನು ತಿಳಿಯಲು ಎಲ್ಲಿಗೂ ಹೋಗಬೇಕಿಲ್ಲ, ಲೆಕ್ಕಪತ್ರ ವಿಭಾಗದಲ್ಲಿ ಪಾಸಾದ ಬಿಲ್ ಸಾಕು. ಟೆಂಡರ್ ತೆರೆಯುವಾಗಲೇ ಶಾಸನಬದ್ಧ ವೇತನ, ಸಾಮಾಜಿಕ ಭದ್ರತೆಯ ವಂತಿಗೆ, ರಜೆಯ ಬದಲಿ ಆಳು, ಸಮವಸ್ತ್ರ ಎಲ್ಲ ಸೇರಿಸಿ ಒಂದು ಕನಿಷ್ಠ ದರ ಕಟ್ಟಿ, ಅದಕ್ಕಿಂತ ಕೆಳಗಿನ ಬಿಡ್‌ಗಳನ್ನು ತಿರಸ್ಕರಿಸುವ ನಿಯಮ ಇರಬೇಕು.

ಖರೀದಿ ವಿಭಾಗದ ಮಾತು ಇನ್ನೂ ಮುಖ್ಯ. ನೀತಿ ಬರೆಯುವವರು ಒಂದು ಮಹಡಿಯಲ್ಲಿ ಕೂತಿರುತ್ತಾರೆ, ದರ ಇಳಿಸುವವರು ಇನ್ನೊಂದರಲ್ಲಿ. ಉಡುಪಿನ ಉದಾಹರಣೆ ತೆಗೆದುಕೊಳ್ಳೋಣ. ಒಂದು ಅಂಗಿ ಹೊಲಿಯಲು ನಿಗದಿತ ಸಮಯ 20 ನಿಮಿಷ, ಕಾರ್ಖಾನೆಯ ದಕ್ಷತೆ ಶೇ 55 ಎಂದರೆ ಆ ಅಂಗಿಗೆ ಸುಮಾರು 36 ನಿಮಿಷದ ಕೂಲಿ ಕೊಡಬೇಕಾಗುತ್ತದೆ. ಚೌಕಾಸಿ ಮಾಡಿ ಒಪ್ಪಿಸಿದ ದರದಲ್ಲಿ ಕೂಲಿಗೆ ಉಳಿಯುವುದು 25 ನಿಮಿಷದ ಹಣವಾದರೆ, ಉಳಿದ 11 ನಿಮಿಷ ಯಾರೋ ಸಂಬಳವಿಲ್ಲದೆ ದುಡಿಯುತ್ತಾರೆ. ಇದನ್ನು ತಡೆಯಬೇಕೆಂದರೆ ದರದ ಮಾತುಕತೆಯಲ್ಲಿ ಕೂಲಿಯ ಬಾಬ್ತನ್ನು ಬೇರೆ ತೆಗೆದಿಟ್ಟು, ಅದನ್ನು ಚೌಕಾಸಿಗೆ ಒಡ್ಡದೆ ಬಟ್ಟೆ, ಪ್ಯಾಕಿಂಗ್, ಲಾಭದ ಮೇಲೆ ಮಾತ್ರ ಮಾತನಾಡಬೇಕು. ಇದು ಕಷ್ಟದ ಕೆಲಸ ಎಂದು ಗೊತ್ತು. ಖರೀದಿ ಅಧಿಕಾರಿಯ ವರ್ಷದ ಬೋನಸ್ ದರ ಇಳಿಸಿದ್ದರ ಮೇಲೆ ನಿಂತಿರುವವರೆಗೆ ಇದು ಆಗುವುದೂ ಇಲ್ಲ. ಬೋನಸ್‌ನ ಲೆಕ್ಕವನ್ನೇ ಬದಲಿಸಬೇಕು.

ಸಮಯದ ಒತ್ತಡವೂ ಹಾಗೆಯೇ. ಅದೇ ಅಂಗಿಯ 60,000 ತುಂಡುಗಳ ಆರ್ಡರ್‌ಗೆ ನಿಗದಿತ ಸಮಯದ ಲೆಕ್ಕದಲ್ಲಿ 12 ಲಕ್ಷ ನಿಮಿಷ ಬೇಕು. ನೂರು ಹೊಲಿಗೆಯವರು ದಿನಕ್ಕೆ 480 ನಿಮಿಷ, ಶೇ 55ರ ದಕ್ಷತೆಯಲ್ಲಿ ದುಡಿದರೆ ದಿನಕ್ಕೆ 26,400 ನಿಮಿಷದ ಕೆಲಸ ಆಗುತ್ತದೆ, ಅಂದರೆ ಸುಮಾರು 45 ದಿನ. ಆ ಕಾರ್ಖಾನೆ 25 ದಿನದಲ್ಲಿ ಸರಕು ಕೊಟ್ಟಿತು, ಹಾಜರಿ ಪುಸ್ತಕದಲ್ಲಿ ಓವರ್‌ಟೈಮ್ ಕಾಣುತ್ತಿಲ್ಲ ಎಂದರೆ ಎರಡರಲ್ಲಿ ಒಂದು ನಡೆದಿದೆ. ರಾತ್ರಿ ಹೊತ್ತಿನ ದುಡಿಮೆಯನ್ನು ಬರೆದಿಲ್ಲ, ಇಲ್ಲವೇ ಹೆಸರಿಲ್ಲದ ಯಾವುದೋ ಶೆಡ್‌ಗೆ ಕೆಲಸ ಹೋಗಿದೆ. ಆರ್ಡರ್ ಕೊಡುವ ಮುನ್ನವೇ ಈ ಗುಣಾಕಾರ ಮಾಡಿದರೆ ಎರಡನ್ನೂ ತಡೆಯಬಹುದು. ಆರ್ಡರ್ ಖಚಿತವಾದ ಮೇಲೆ ಬಣ್ಣ, ಅಳತೆ, ಸಂಖ್ಯೆ ಬದಲಿಸುವುದು, ಮಾದರಿಗೆ ಒಪ್ಪಿಗೆ ಕೊಡಲು ಹತ್ತು ದಿನ ತಡಮಾಡಿ ಸರಕು ಹೊರಡುವ ದಿನಾಂಕ ಮಾತ್ರ ಹಾಗೆಯೇ ಉಳಿಸುವುದು, 120 ದಿನಗಳ ನಂತರ ಹಣ ಪಾವತಿಸುವುದು ಇವೆಲ್ಲ ಕೊನೆಗೆ ಬಂದು ಬೀಳುವುದು ಕಾರ್ಮಿಕನ ರಾತ್ರಿ ನಿದ್ದೆಯ ಮೇಲೆ, ತಡವಾದ ಸಂಬಳದ ಮೇಲೆ.

ಹಾಗಾದರೆ ಕಾರ್ಖಾನೆಯ ಕಾರ್ಮಿಕ ಸ್ಥಿತಿಯನ್ನು ಪರಿಶೀಲಿಸುವ ಆಡಿಟ್ ಏಕಿದೆ ಎಂದು ಓದುಗರು ಕೇಳಬಹುದು. 2012ರ ಸೆಪ್ಟೆಂಬರ್ 11ರಂದು ಕರಾಚಿಯ ಉಡುಪು ಕಾರ್ಖಾನೆಯೊಂದು ಹೊತ್ತಿ ಉರಿದು 250ಕ್ಕೂ ಹೆಚ್ಚು ಜನ ಸತ್ತರು. ಕಿಟಕಿಗಳಿಗೆ ಕಂಬಿ ಹಾಕಿದ್ದ, ಹೊರದಾರಿಗಳು ಮುಚ್ಚಿದ್ದ ಆ ಕಾರ್ಖಾನೆಗೆ ಕೆಲವೇ ವಾರಗಳ ಹಿಂದೆ ಅಂತರರಾಷ್ಟ್ರೀಯ ಸಾಮಾಜಿಕ ಮಾನದಂಡದ ಪ್ರಮಾಣಪತ್ರ ಸಿಕ್ಕಿತ್ತು. ಕಣ್ಣಿಗೆ ಕಾಣುವ ಬಾಗಿಲನ್ನೇ ಆಡಿಟ್ ಬಿಟ್ಟಿತೆಂದರೆ, ಕಾಣದ ಸಾಲವನ್ನು ಅದು ಹಿಡಿಯುವುದು ಇನ್ನೂ ದೂರದ ಮಾತು. ಮುಂಚೆ ತಿಳಿಸಿ ಬರುವ ಭೇಟಿ, ಕಾರ್ಖಾನೆಯೇ ಕೊಡುವ ಆಡಿಟ್ ಶುಲ್ಕ, ಮ್ಯಾನೇಜರ್ ಆಯ್ದು ಕಳಿಸಿದ ಹತ್ತು ಜನರೊಂದಿಗೆ ಅವನದೇ ಆಫೀಸ್ ಪಕ್ಕದ ಕೋಣೆಯಲ್ಲಿ ಮಾತು, ಇಷ್ಟರಲ್ಲಿ ಸತ್ಯ ಹೊರಬರುವುದಿಲ್ಲ. ನಿಜದ್ದೊಂದು, ತೋರಿಸಲೊಂದು ಎಂದು ಎರಡು ಹಾಜರಿ ಪುಸ್ತಕ ಇಡುವುದು ಹಲವೆಡೆ ಇದೆ. ಅದನ್ನು ಹಿಡಿಯಲು ಸುಳ್ಳು ಬರೆಯಲು ಯಾರಿಗೂ ತೋಚದ ದಾಖಲೆಗಳನ್ನು ನೋಡಬೇಕು. ಹೊಲಿಗೆ ಕಾರ್ಖಾನೆಯಲ್ಲಿ ಮುರಿದ ಸೂಜಿಗಳ ರಿಜಿಸ್ಟರ್ ಇರುತ್ತದೆ. ಬಟ್ಟೆಯಲ್ಲಿ ಲೋಹದ ಚೂರು ಉಳಿಯಬಾರದೆಂದು ದಿನಾಂಕ, ಸಮಯ, ಕೆಲಸಗಾರರ ಹೆಸರು ಬರೆದಿಡುತ್ತಾರೆ. ಭಾನುವಾರ ಕಾರ್ಖಾನೆ ಮುಚ್ಚಿತ್ತು ಎಂದು ಹಾಜರಿ ಪುಸ್ತಕ ಹೇಳುವಾಗ, ಅದೇ ಭಾನುವಾರ ರಾತ್ರಿ 9ಕ್ಕೆ ಸೂಜಿ ಮುರಿದಿದ್ದರೆ ವಿಷಯ ಮುಗಿಯಿತು. ಗೇಟಿನ ವಾಹನ ಪುಸ್ತಕ, ಕ್ಯಾಂಟೀನ್ ಊಟದ ಎಣಿಕೆ, ವಿದ್ಯುತ್ ಮೀಟರ್, ದಾದಿ ಗಾಯಾಳುಗಳ ವಿವರ ಬರೆದಿಡುವ ಪುಸ್ತಕ ಇವೂ ಹೀಗೆಯೇ ಮಾತನಾಡುತ್ತವೆ.

ಕಚ್ಚಾವಸ್ತುವಿನವರೆಗೆ ಹೋಗುವುದು ಮತ್ತೂ ಕಷ್ಟ. ಮೊದಲ ಹಂತದ ಪೂರೈಕೆದಾರರ ಪಟ್ಟಿ ಎಲ್ಲ ಕಂಪನಿಗಳಲ್ಲೂ ಇರುತ್ತದೆ, ಮೂರನೆಯ ನಾಲ್ಕನೆಯ ಹಂತದ್ದು ಇರುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ಹುಡುಕಲು ಹೊರಟರೆ ಯಾವುದೂ ಆಗದು. ಹೆಚ್ಚು ಅಪಾಯವಿರುವ ಐದಾರು ಸರಕುಗಳನ್ನು ಆರಿಸಿ, ಅವುಗಳ ಖರೀದಿ ಆದೇಶ, ಇನ್‌ವಾಯ್ಸ್, ಸಾಗಣೆ ಪತ್ರ, ಉತ್ಪಾದನಾ ದಾಖಲೆಗಳನ್ನು ಹಂತ ಹಂತವಾಗಿ ಹಿಂದಕ್ಕೆ ಜೋಡಿಸುತ್ತಾ ಹೋಗಬೇಕು. ಕಾಗದಕ್ಕೆ ತೂಕದ ಲೆಕ್ಕವೂ ತಾಳೆಯಾಗಬೇಕು. ಬೀಜಸಹಿತ ಹತ್ತಿ 100 ಟನ್ ಕೊಂಡ ಜಿನ್ನಿಂಗ್ ಮಿಲ್‌ಗೆ ಸುಮಾರು 33ರಿಂದ 40 ಟನ್ ಅರಳೆ ಸಿಗುತ್ತದೆ. ಅದು 60 ಟನ್ ಮಾರಿದ್ದರೆ ಉಳಿದ ಅರಳೆ ಬೇರೆಲ್ಲಿಂದಲೋ ಬಂದು ಬೆರೆತಿದೆ. ಚೀನಾದ ಷಿನ್‌ಜಿಯಾಂಗ್ ಪ್ರಾಂತ್ಯದ ಸರಕಿನ ವಿಷಯದಲ್ಲಿ ಅಮೆರಿಕ 2022ರ ಜೂನ್‌ನಿಂದ ಜಾರಿಗೆ ತಂದ ಕಾನೂನು, ಅದು ಬಲವಂತದ ದುಡಿಮೆಯಿಂದ ಆದದ್ದು ಎಂದೇ ಮೊದಲು ಭಾವಿಸುತ್ತದೆ. ಅಲ್ಲ ಎಂದು ಸಾಬೀತು ಮಾಡುವ ಹೊಣೆ ಆಮದುದಾರನದು. ಬೆರಕೆ ಹತ್ತಿ ಹಿಡಿದ ಕಂಟೇನರ್ ಬಂದರಿನಲ್ಲಿ ನಿಂತಾಗ ಈ ಲೆಕ್ಕ ಹುಡುಕಲು ಹೊರಟರೆ ತಡವಾಗಿರುತ್ತದೆ.

ಕಾರ್ಮಿಕರನ್ನು ಮಾತನಾಡಿಸುವ ಬಗೆ ಹೇಗಿರಬೇಕು? ಕಾರ್ಖಾನೆಯ ಹೊರಗೆ, ಅವರ ಭಾಷೆ ಬಲ್ಲವರು, ಮೂರು ನಾಲ್ಕು ಜನರ ಗುಂಪಿನಲ್ಲಿ ಅಥವಾ ಒಬ್ಬೊಬ್ಬರಾಗಿ ಮಾತನಾಡಿಸಬೇಕು. ಏಜೆಂಟನ ಕಡೆಯವನು ದುಭಾಷಿಯಾಗಿ ಬರಕೂಡದು. ಬೇರೆ ಬೇರೆ ಊರು, ಬೇರೆ ಬೇರೆ ಗುತ್ತಿಗೆದಾರರು, ರಾತ್ರಿ ಪಾಳಿ, ಹೊಸದಾಗಿ ಬಂದವರು, ಹೆಂಗಸರು ಎಲ್ಲರೂ ಮಾದರಿಯಲ್ಲಿ ಇರಬೇಕು, ಹೆಂಗಸರನ್ನು ಹೆಂಗಸರೇ ಮಾತನಾಡಿಸಬೇಕು. 'ನಿಮ್ಮನ್ನು ಬಲವಂತವಾಗಿ ದುಡಿಸುತ್ತಾರಾ' ಎಂದು ಕೇಳಿದರೆ ಇಲ್ಲ ಎಂಬ ಉತ್ತರವೇ ಬರುತ್ತದೆ. ಈ ಕೆಲಸದ ಸುದ್ದಿ ಯಾರು ಹೇಳಿದರು, ಹೊರಡುವ ಮುನ್ನ ಯಾವ ಯಾವುದಕ್ಕೆ ದುಡ್ಡು ಕೊಡಬೇಕಾಯಿತು, ಎಲ್ಲಿಂದ ತಂದಿರಿ, ಬಡ್ಡಿ ಎಷ್ಟು, ಇನ್ನೆಷ್ಟು ಉಳಿದಿದೆ, ಹೇಳಿದ ಸಂಬಳಕ್ಕೂ ಕೈಗೆ ಬಂದದ್ದಕ್ಕೂ ವ್ಯತ್ಯಾಸವೇನು, ರಾತ್ರಿ ಹೊರಗೆ ಹೋಗಬೇಕಾದರೆ ಯಾರನ್ನು ಕೇಳಬೇಕು, ನಾಳೆ ಕೆಲಸ ಬಿಡುತ್ತೇನೆಂದರೆ ಏನಾಗುತ್ತದೆ ಎಂದು ಕೇಳಬೇಕು. ಕೊನೆಯ ಪ್ರಶ್ನೆಗೆ ಬರುವ ಮೌನವನ್ನೂ ಬರೆದುಕೊಳ್ಳಬೇಕು. ಯಾರ ಹೆಸರೂ ಕಾರ್ಖಾನೆಗೆ ತಿಳಿಯಬಾರದು. ಒಬ್ಬನ ಮಾತಿನಿಂದಲೇ ಅವನಾರೆಂದು ಗುರುತಾಗುವಂತಿದ್ದರೆ ಅದನ್ನು ವರದಿಯಲ್ಲಿ ಹಾಕಬಾರದು.

ದೂರು ಸಹಾಯವಾಣಿಗೆ ಒಂದು ಕರೆಯೂ ಬಂದಿಲ್ಲ ಎಂದು ವರದಿಯಲ್ಲಿ ಹೆಮ್ಮೆಯಿಂದ ಬರೆಯುವವರಿದ್ದಾರೆ. ಸಾವಿರ ಜನ ದುಡಿಯುವ ಕಡೆ ವರ್ಷಕ್ಕೆ ಒಂದು ದೂರೂ ಬರದಿದ್ದರೆ ಆ ಸಹಾಯವಾಣಿಯ ಮೇಲೆ ಯಾರಿಗೂ ನಂಬಿಕೆಯಿಲ್ಲ ಎಂದರ್ಥ. ಕಾರ್ಮಿಕರ ಸಂಘಟನೆ ಇರುವ ಕಡೆ ದೂರಿಗೆ ದಾರಿ ತಾನಾಗಿ ತೆರೆಯುತ್ತದೆ. ಅಮೆರಿಕದ ಫ್ಲಾರಿಡಾದ ಟೊಮೆಟೊ ಹೊಲಗಳಲ್ಲಿ ಗುಲಾಮಗಿರಿಯ ಪ್ರಕರಣಗಳು ನ್ಯಾಯಾಲಯದವರೆಗೂ ಹೋಗಿದ್ದವು. ಅಲ್ಲಿನ ಕೃಷಿ ಕಾರ್ಮಿಕರ ಸಂಘಟನೆಯೇ ಕಟ್ಟಿ, 2011ರಿಂದ ಹೊಲಗಳಲ್ಲಿ ವ್ಯಾಪಕವಾಗಿ ಜಾರಿಗೆ ಬಂದ ಫೇರ್ ಫುಡ್ ಕಾರ್ಯಕ್ರಮದಲ್ಲಿ ಕೊಳ್ಳುವ ಕಂಪನಿಗಳು ಒಂದು ಪೌಂಡ್ ಟೊಮೆಟೊಗೆ ಸುಮಾರು ಒಂದು ಸೆಂಟ್ ಹೆಚ್ಚು ಕೊಡುತ್ತವೆ, ಆ ಹಣ ಕೂಲಿಗೆ ಸೇರುತ್ತದೆ. ನಿಯಮ ಮುರಿದ ತೋಟದಿಂದ ಕೊಳ್ಳುವುದಿಲ್ಲ ಎಂದು ಅವು ಕಟ್ಟುಬದ್ಧ ಕರಾರಿಗೆ ಸಹಿ ಹಾಕಿವೆ. 24 ಗಂಟೆಯ ದೂರವಾಣಿಯಿದೆ, ಹಕ್ಕುಗಳನ್ನು ಕಾರ್ಮಿಕರಿಗೆ ಕಾರ್ಮಿಕರೇ ತಿಳಿಸುತ್ತಾರೆ. ಕೊಳ್ಳುವವನ ಹಣ, ಕೊಳ್ಳುವವನ ಶಿಸ್ತು, ಕಾರ್ಮಿಕರ ಕಣ್ಣು ಮೂರೂ ಒಟ್ಟಿಗೆ ಇರುವುದರಿಂದ ಅದು ನಡೆಯುತ್ತಿದೆ.

ಪೂರೈಕೆದಾರರ ಕರಾರಿನಲ್ಲಿ 'ಬಲವಂತದ ದುಡಿಮೆ ಕಂಡರೆ ತಕ್ಷಣ ಒಪ್ಪಂದ ರದ್ದು' ಎಂಬ ಷರತ್ತು ಕೇಳಲು ಖಡಕ್ಕಾಗಿದೆ. ಆದರೆ ಅದರಿಂದ ಪೂರೈಕೆದಾರ ಕಲಿಯುವುದು ಮುಚ್ಚಿಡುವುದನ್ನು. ರದ್ದಾದ ದಿನ ಕೆಲಸ ಕಳೆದುಕೊಳ್ಳುವವನು ಸಾಲ ಹೊತ್ತ ಕಾರ್ಮಿಕನೇ. ಕಂಡದ್ದನ್ನು ತಾನಾಗಿ ತಿಳಿಸಿದವನಿಗೆ ಸರಿಪಡಿಸಲು ಕಾಲಾವಕಾಶ, ಖರ್ಚಿನಲ್ಲಿ ಪಾಲು, ಆರ್ಡರ್ ಮುಂದುವರಿಯುವ ಭರವಸೆ ಇರಬೇಕು. ಸರಿಪಡಿಸಲು ಒಪ್ಪದವನಿಂದ ಮಾತ್ರ, ಕಾರ್ಮಿಕರ ಬಾಕಿ ತೀರಿಸುವ ವ್ಯವಸ್ಥೆ ಮಾಡಿಸಿ, ಹಂತ ಹಂತವಾಗಿ ಹೊರಬರಬೇಕು.

ಪ್ರಕರಣ ಕಂಡುಬಂದಾಗ ಮೊದಲ ಎರಡು ದಿನ ಮಾಡುವ ತಪ್ಪುಗಳು ಬಹಳ ದುಬಾರಿ. ಗಾಬರಿಯಾಗಿ ಕಾರ್ಖಾನೆಯ ಮ್ಯಾನೇಜರ್‌ಗೆ ಫೋನ್ ಮಾಡಿದರೆ ಸಂಜೆಯೊಳಗೆ ಆ ಕಾರ್ಮಿಕರು ಬೇರೆ ಕಡೆ ಸಾಗಿಹೋಗಿರುತ್ತಾರೆ. ಜೀವಕ್ಕೆ ಅಪಾಯವಿದ್ದರೆ ಅಥವಾ ಮಕ್ಕಳು ಸಿಕ್ಕಿದ್ದರೆ ಅಧಿಕಾರಿಗಳಿಗೆ ತಡಮಾಡದೆ ತಿಳಿಸಲೇಬೇಕು. ಉಳಿದ ಸಂದರ್ಭದಲ್ಲಿ, ವೀಸಾ ತೊಡಕಿರುವ ವಲಸೆ ಕಾರ್ಮಿಕನ ಒಪ್ಪಿಗೆಯಿಲ್ಲದೆ ಪೊಲೀಸರನ್ನು ಕರೆಸಿದರೆ ಅವನನ್ನೇ ಬಂಧಿಸಿ ಗಡೀಪಾರು ಮಾಡುವುದುಂಟು. ಮೊದಲು ಕಾರ್ಮಿಕರ ಪರ ಕೆಲಸ ಮಾಡುವ ಸ್ಥಳೀಯ ಸಂಘಟನೆಯನ್ನು ಸೇರಿಸಿಕೊಂಡು, ಸುರಕ್ಷಿತ ವಸತಿ ಸಿದ್ಧಮಾಡಿ, ದಾಖಲೆಗಳ ನಕಲು ತೆಗೆದಿಟ್ಟು, ಆಮೇಲೆ ಮಾಲೀಕನ ಮುಂದೆ ಕೂರಬೇಕು. ಪಾಸ್‌ಪೋರ್ಟ್ ಅದೇ ದಿನ ವಾಪಸಾಗಬೇಕು. ಉಳಿಯುವುದೋ, ಬೇರೆ ಕೆಲಸಕ್ಕೆ ಹೋಗುವುದೋ, ಊರಿಗೆ ಮರಳುವುದೋ ಎಂಬುದನ್ನು ಕಾರ್ಮಿಕನೇ ನಿರ್ಧರಿಸಬೇಕು. ಖರ್ಚು ಅವನದಲ್ಲ.

ನಂತರ ಹಣ ಮರಳಿಸುವ ಕೆಲಸ. ರಸೀದಿ ಕೇಳಬೇಡಿ, ಇಂಥ ಹಣಕ್ಕೆ ರಸೀದಿ ಇರುವುದಿಲ್ಲ. ಒಂದೇ ಊರಿನಿಂದ, ಒಂದೇ ವರ್ಷದಲ್ಲಿ, ಒಂದೇ ಏಜೆಂಟನ ಮೂಲಕ ಬಂದವರನ್ನು ಬೇರೆ ಬೇರೆಯಾಗಿ ಮಾತನಾಡಿಸಿದರೆ ಮೊತ್ತಗಳು ಒಂದಕ್ಕೊಂದು ಹತ್ತಿರ ಬರುತ್ತವೆ. ಆ ಗುಂಪಿಗೆ ಅದನ್ನೇ ಆಧಾರವಾಗಿ ಇಟ್ಟುಕೊಳ್ಳಬೇಕು, ಅನುಮಾನವಿದ್ದರೆ ಕಾರ್ಮಿಕನ ಪರವಾಗಿ. ಅಸಲಿನ ಜೊತೆ ಬಡ್ಡಿಯೂ, ಕರೆನ್ಸಿಯ ಬೆಲೆ ಬದಲಾದ ನಷ್ಟವೂ ಸೇರಬೇಕು. ಎರಡು ಮೂರು ವರ್ಷಗಳ ಕಂತಿನಲ್ಲಿ ಕೊಡುತ್ತೇವೆ ಎಂದರೆ ಅವನನ್ನು ಮತ್ತೆ ಅಷ್ಟು ಕಾಲ ಕಟ್ಟಿಹಾಕಿದಂತೆ, ಕೆಲವೇ ತಿಂಗಳಲ್ಲಿ ಮುಗಿಯಬೇಕು. ಕೊಟ್ಟ ಹಣವನ್ನು ಏಜೆಂಟನೋ ಮೇಲ್ವಿಚಾರಕನೋ ವಾಪಸ್ ಕಿತ್ತುಕೊಂಡಿಲ್ಲ ಎಂದು ಮೂರು ತಿಂಗಳ ನಂತರ ಮತ್ತೆ ಕೇಳಿ ನೋಡಬೇಕು. ಇದೆಲ್ಲ ಆಗದ ಮಾತಲ್ಲ. ಮಲೇಷ್ಯಾದ ಭಾರಿ ಕೈಗವಸು ತಯಾರಕ ಕಂಪನಿಯೊಂದರ ಸರಕನ್ನು ಅಮೆರಿಕದ ಕಸ್ಟಮ್ಸ್ 2020ರ ಜುಲೈನಲ್ಲಿ ತಡೆಹಿಡಿಯಿತು. ಕಂಪನಿ 3 ಕೋಟಿ ಡಾಲರ್‌ಗೂ ಹೆಚ್ಚು ಹಣವನ್ನು ಕಾರ್ಮಿಕರಿಗೆ ಪರಿಹಾರವಾಗಿ ಕೊಟ್ಟು, ಕೆಲಸದ ಮತ್ತು ವಸತಿಯ ಸ್ಥಿತಿ ಸುಧಾರಿಸಿದ ಮೇಲೆ 2021ರ ಸೆಪ್ಟೆಂಬರ್‌ನಲ್ಲಿ ತಡೆ ತೆರವಾಯಿತು. ವರ್ಷಗಟ್ಟಲೆ ನಡೆದ ಸಾಮಾಜಿಕ ಆಡಿಟ್‌ಗಳಿಂದ ಆಗದ್ದು ಬಂದರಿನಲ್ಲಿ ಸರಕು ನಿಂತಾಗ ಆಯಿತು.

ಕಾನೂನುಗಳ ವಿಷಯ ಚಿಕ್ಕದಾಗಿ ಹೇಳುತ್ತೇವೆ. ಬ್ರಿಟನ್ನಿನ 2015ರ ಆಧುನಿಕ ಗುಲಾಮಗಿರಿ ಕಾಯ್ದೆಯ 54ನೇ ಸೆಕ್ಷನ್ 3.6 ಕೋಟಿ ಪೌಂಡ್ ವಹಿವಾಟು ದಾಟಿದ ಕಂಪನಿಗಳಿಂದ ವಾರ್ಷಿಕ ಹೇಳಿಕೆ ಕೇಳುತ್ತದೆ. ಆದರೆ 'ನಾವು ಯಾವ ಕ್ರಮವನ್ನೂ ತೆಗೆದುಕೊಂಡಿಲ್ಲ' ಎಂದು ಬರೆದುಕೊಟ್ಟರೂ ಆ ಸೆಕ್ಷನ್ ಪಾಲಿಸಿದಂತೆಯೇ. ಆಸ್ಟ್ರೇಲಿಯಾದ 2018ರ ಕಾಯ್ದೆ 10 ಕೋಟಿ ಆಸ್ಟ್ರೇಲಿಯನ್ ಡಾಲರ್ ವಹಿವಾಟಿನ ಸಂಸ್ಥೆಗಳು ಏನೇನು ಬರೆಯಬೇಕೆಂದು ನಿಗದಿ ಮಾಡಿ, ಸಾರ್ವಜನಿಕ ದಾಖಲೆಯಲ್ಲಿ ಇಡುತ್ತದೆ. ಫ್ರಾನ್ಸ್ 2017ರಲ್ಲಿ, ಜರ್ಮನಿ 2023ರಿಂದ ಹೇಳಿಕೆಯನ್ನು ದಾಟಿ ಕ್ರಮ ಕೈಗೊಳ್ಳುವ ಹೊಣೆಯನ್ನೇ ದೊಡ್ಡ ಕಂಪನಿಗಳ ಮೇಲೆ ಹೊರಿಸಿದವು. ನಮಗೆ ಹೆಚ್ಚು ಹಿಡಿಸಿದ್ದು 2022ರ ಜುಲೈನಲ್ಲಿ ಜಾರಿಗೆ ಬಂದ ನಾರ್ವೆಯ ಕಾನೂನು. ಅದರಂತೆ ಯಾವ ನಾಗರಿಕನಾದರೂ ಕಂಪನಿಗೆ ಪತ್ರ ಬರೆದು, ನಿಮ್ಮ ಪೂರೈಕೆ ಸರಪಳಿಯ ಈ ಅಪಾಯಕ್ಕೆ ಏನು ಮಾಡಿದ್ದೀರಿ ಎಂದು ಕೇಳಬಹುದು, ಕಂಪನಿ ಸಾಮಾನ್ಯವಾಗಿ ಮೂರು ವಾರದೊಳಗೆ ಉತ್ತರಿಸಬೇಕು.

ಅಂಥ ಕಾನೂನು ಇಲ್ಲದ ಕಡೆ ಕೇಳಬಲ್ಲದ್ದು ಪತ್ರಿಕೆ. ಮುಂದಿನ ಬಾರಿ ಯಾವುದಾದರೂ ಕಂಪನಿಯ ಸುಸ್ಥಿರತೆಯ ವರದಿ ತಮ್ಮ ಕಚೇರಿಗೆ ಬಂದಾಗ, ಸುದ್ದಿ ಮಾಡುವ ಮುನ್ನ ಆ ಕಂಪನಿಯ ವಕ್ತಾರರಿಗೆ ನಾಲ್ಕು ಪ್ರಶ್ನೆ ಕಳಿಸಿ ಎಂಬುದು ನಮ್ಮ ಕೋರಿಕೆ. ನೇಮಕಾತಿ ಶುಲ್ಕ ಕೊಟ್ಟಿದ್ದ ಎಷ್ಟು ಕಾರ್ಮಿಕರನ್ನು ಗುರುತಿಸಿದಿರಿ? ಅವರಲ್ಲಿ ಎಷ್ಟು ಜನರಿಗೆ, ಕೆಲಸ ಬಿಟ್ಟು ಊರಿಗೆ ಹೋದವರೂ ಸೇರಿ, ಎಷ್ಟು ಹಣ ಮರಳಿ ಕೊಡಿಸಿದಿರಿ? ಖಚಿತವಾದ ಮೇಲೆ ಬದಲಿಸಿದ ಆರ್ಡರ್‌ಗಳು ಶೇಕಡಾ ಎಷ್ಟು? ಪೂರೈಕೆದಾರರ ಬಿಲ್‌ಗಳಲ್ಲಿ ಎಷ್ಟನ್ನು ಗಡುವಿನೊಳಗೆ ಪಾವತಿಸಿದಿರಿ? ಉತ್ತರ ಬಂದರೆ ಅದನ್ನು, ಬರದಿದ್ದರೆ ಉತ್ತರ ಬಂದಿಲ್ಲ ಎಂಬುದನ್ನು ಅದೇ ಸುದ್ದಿಯ ಕೆಳಗೆ ಪ್ರಕಟಿಸಿ.

ಇಂತಿ ವಿಶ್ವಾಸಿಗಳು,
ಪೂರೈಕೆ ಸರಪಳಿಯ ಕಾರ್ಮಿಕ ಸ್ಥಿತಿಗತಿಗಳ ಪರಿಶೀಲನೆಯಲ್ಲಿ ತೊಡಗಿರುವ ಓದುಗರು